ಮೂರನೆಯ ಫ್ಯಾನು

ನಮ್ಮ ಅಡುಗೆಮನೆಯ ಗೋಡೆಯಲ್ಲಿ, ಒಲೆಗೆ ನೇರ ಮೇಲೆ, ಅಂಗೈಗಿಂತ ತುಸು ದೊಡ್ಡದಾದ ಕಪ್ಪು ಫ್ಯಾನೊಂದಿದೆ. ಹೊಗೆಯನ್ನು ಎಳೆದು ಹಿತ್ತಲಿಗೆ ದಬ್ಬುವುದು ಅದರ ಈಗಿನ ಉದ್ಯೋಗ. ಜೀಪಿನ ಹಳೆಯ ಬ್ಯಾಟರಿಯಿಂದ ಅದಕ್ಕೆ ಕರೆಂಟು. ನಾಲ್ಕು ವರ್ಷದ ಮಸಿ, ಒಗ್ಗರಣೆಯ ಜಿಡ್ಡು ಎಲ್ಲ ಮೆತ್ತಿಕೊಂಡರೂ ಅದು ಒಮ್ಮೆಯೂ ಗೊರಗುಟ್ಟಿದ್ದಿಲ್ಲ. ಮನೆಗೆ ಬಂದ ನೆಂಟರು, "ಒಳ್ಳೆ ಫ್ಯಾನು ಮಾರಾಯ್ರೆ, ಶಬ್ದವೇ ಇಲ್ಲ. ಎಲ್ಲಿ ತಗೊಂಡ್ರಿ?" ಎಂದು ಕೇಳುತ್ತಾರೆ. ನಾನು ಮಾತು ಬದಲಿಸುತ್ತೇನೆ. ಉತ್ತರ ಹೇಳಹೊರಟರೆ ನನ್ನ ದಡ್ಡತನದ ಇಡೀ ಪುರಾಣವನ್ನೇ ಬಿಚ್ಚಬೇಕಾಗುತ್ತದೆ. ಇವತ್ತು ನಿಮ್ಮೆದುರು ಬಿಚ್ಚುತ್ತಿದ್ದೇನೆ. ಯಾಕೆಂದರೆ ಕಳೆದ ವಾರ ಆ ಫ್ಯಾನು ಮೊದಲ ಸಲ ನಿಂತಿತು.

ಕೊಟ್ಟಿಗೆಹಾರದಲ್ಲಿ ಫ್ಯಾನಿಗೇನು ಕೆಲಸ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಚಾರ್ಮಾಡಿ ಘಾಟಿ ಹತ್ತಿದ ಮಂಜು ಮೊದಲು ಬಂದು ನಿಲ್ಲುವುದೇ ನಮ್ಮ ಬಸ್ ಸ್ಟ್ಯಾಂಡಿನಲ್ಲಿ. ಇಲ್ಲಿನ ಹೆಚ್ಚಿನ ಮನೆಗಳ ಮಾಡಿನಲ್ಲಿ ಫ್ಯಾನು ನೇತುಹಾಕುವ ಕೊಕ್ಕೆಯೇ ಇಲ್ಲ. ಕಳಸದ ಹತ್ತಿರ ಹುಟ್ಟಿ ಬೆಳೆದ ನಾನು ಮೊದಲ ಫ್ಯಾನು ಕಂಡದ್ದು ಮಂಗಳೂರಿನ ಸೋದರತ್ತೆಯ ಮನೆಯಲ್ಲಿ, ಎಂಟು ವರ್ಷದವನಿದ್ದಾಗ. ಮೇಜಿನ ಮೇಲೆ ಕೂತು ಅತ್ತಿತ್ತ ತಲೆಯಾಡಿಸುತ್ತಿತ್ತು. ಅದರೆದುರು ನಿಂತು "ಆ" ಎಂದರೆ ಸ್ವರ ತುಂಡುತುಂಡಾಗಿ ಕೇಳುತ್ತಿತ್ತು. ನನಗೆ ಹುಚ್ಚು ಹಿಡಿದಂತಾಯಿತು. ಊಟ ಬಿಟ್ಟು, ಸಮುದ್ರ ನೋಡುವುದನ್ನೂ ಬಿಟ್ಟು ಎರಡು ದಿನ ಅದರ ಮುಂದೆ "ಆ" ಎನ್ನುತ್ತ ನಿಂತೆ. ಕೊನೆಗೆ ಅತ್ತೆ ಕಿವಿ ಹಿಂಡಿ, "ಸಾಕು ಮಾಡೋ, ಗಂಟಲು ಬಿದ್ದುಹೋಗುತ್ತೆ" ಎಂದು ಎಳೆದುಕೊಂಡು ಹೋದರು.

ನಮ್ಮ ಕಡೆಯ ಶತ್ರು ಸೆಖೆಯಲ್ಲ, ಥಂಡಿ. ಜೂನ್ ಬಂತೆಂದರೆ ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಪುಸ್ತಕದ ಬೆನ್ನಿಗೆ ಬೂಷ್ಟು. ಚಿಕ್ಕಂದಿನಲ್ಲಿ ಅಮ್ಮ ಕೆಂಡದ ಮೇಲೆ ಬಿದಿರ ಬುಟ್ಟಿ ಕವುಚಿ, ಅದರ ಮೇಲೆ ನಮ್ಮ ಚಡ್ಡಿ ಒಣಗಿಸುತ್ತಿದ್ದಳು. ತರಗತಿಯಲ್ಲಿ ಇಡೀ ಬೆಂಚು ಹೊಗೆ ವಾಸನೆ ಹೊಡೆಯುತ್ತಿತ್ತು. ಬೆಲೆಬಾಳುವುದೇನಿದ್ದರೂ ಒಲೆಯ ಮೇಲಿನ ಅಟ್ಟಕ್ಕೆ ಹೋಗುತ್ತಿತ್ತು: ಬೀಜದ ಭತ್ತ, ಜಾತಕ, ಅಜ್ಜನ ಕನ್ನಡಕ. ಕರೆಂಟು ಬಂದ ಮೇಲೆ ಇನ್ನೊಂದು ಉಪಾಯ ಸೇರಿತು. ಕಬ್ಬಿಣದ ಕಪಾಟಿನೊಳಗೆ ನಲವತ್ತು ವ್ಯಾಟಿನ ಬಲ್ಬು ಹಾಕಿ, ಮಳೆಗಾಲ ಪೂರ್ತಿ ಉರಿಯಲು ಬಿಡುವುದು. ರೇಷ್ಮೆ ಸೀರೆ, ಜಮೀನಿನ ಕಾಗದ, ಕ್ಯಾಮೆರಾ ಎಲ್ಲ ಆ ಬಲ್ಬಿನ ಬಿಸಿಯಲ್ಲಿ ಬದುಕುತ್ತಿದ್ದವು. ಇದನ್ನು ನಮಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅದರಲ್ಲೂ ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು, ಗಾಳಿಯ ತೇವಾಂಶದ ಬಗ್ಗೆ ವರ್ಷವರ್ಷವೂ ಪಾಠ ಹೇಳಿದವನು.

ನನ್ನ ಹೆಂಡತಿ ವಿಮಲಾ ಕೆಳಗಿನ ಪ್ರೈಮರಿ ಶಾಲೆಯ ಟೀಚರು. ಅವಳ ಸ್ವರದ ಬಗ್ಗೆ ಹೇಳಬೇಕು. ಅವಳು ಮಕ್ಕಳಿಗೆ ಮಗ್ಗಿ ಹೇಳಿಸಿದರೆ ಬಸ್ ಸ್ಟ್ಯಾಂಡಿನಲ್ಲಿ ನಿಂತವರಿಗೂ ಬಾಯಿಪಾಠವಾಗುತ್ತಿತ್ತು. ಹಿತ್ತಲ ಬಾಗಿಲಲ್ಲಿ ನಿಂತು "ಬಾ ಬಾ ಬಾ" ಎಂದರೆ ನಮ್ಮ ಕೋಳಿಗಳ ಜೊತೆ ಪಕ್ಕದ ಮನೆಯ ಕೋಳಿಗಳೂ ಓಡಿಬರುತ್ತಿದ್ದವು. ನಾನು ಸಣ್ಣ ದನಿಯವನು. ಮನೆಯಲ್ಲಿ ಮಾತಿನ ಖಾತೆ ಪೂರ್ತಿ ಅವಳದು, ಕೇಳುವ ಖಾತೆ ನನ್ನದು. ಅದನ್ನಾದರೂ ನೆಟ್ಟಗೆ ನಿಭಾಯಿಸಿದೆನೇ ಎಂದರೆ, ಅದೂ ಇಲ್ಲ.

ನಾಲ್ಕು ವರ್ಷದ ಹಿಂದಿನ ಮಾತು, ಎರಡು ಸಾವಿರದ ಐದು. ಚಳಿಗಾಲದಲ್ಲಿ ಕಟ್ಟಿದ ಅವಳ ಗಂಟಲು ಕಾಫಿ ಹೂ ಬಿಡುವ ಹೊತ್ತಿಗೂ ಬಿಡಲಿಲ್ಲ. ಮಂಗಳೂರಿಗೆ ಕರೆದುಕೊಂಡು ಹೋದೆ. ಡಾಕ್ಟರು ಒಳ್ಳೆಯ ಮನುಷ್ಯ, ಸುತ್ತಿ ಬಳಸಿ ಹೇಳಲಿಲ್ಲ. ಸ್ವರಪೆಟ್ಟಿಗೆಯಲ್ಲಿ ಗಡ್ಡೆ. ತೆಗೆದರೆ ಜೀವ ಉಳಿಯುತ್ತದೆ, ಸ್ವರ ಉಳಿಯುವುದಿಲ್ಲ. ಆಪರೇಷನ್ನಿಗೆ ಆರು ವಾರ ಬಿಟ್ಟು ದಿನ ಗೊತ್ತಾಯಿತು. ವಾಪಸು ಬರುವಾಗ ಬಸ್ಸು ಘಾಟಿ ಹತ್ತುತ್ತಿತ್ತು. ವಿಮಲಾ ಕಿಟಕಿಯ ಹೊರಗೆ ನೋಡುತ್ತ, "ಆರು ವಾರ ಅಂದ್ರೆ ಸುಮಾರಾಯ್ತಲ್ಲ. ಬೇಕಾದಷ್ಟು ಮಾತಾಡ್ಬೋದು" ಎಂದಳು.

ನನಗೆ ತೋಚಿದ್ದು ಒಂದು ಯಂತ್ರ. ನನ್ನಂಥವರಿಗೆ ದುಃಖ ಬಂದರೆ ಅಳು ಬರುವುದಿಲ್ಲ, ಸ್ಕ್ರೂ ಡ್ರೈವರ್ ಹುಡುಕುತ್ತೇವೆ. ಹತ್ತಿರದ ಎಸ್ಟೇಟಿನ ಆಫೀಸಿನವರು ಹೊಸ ಕಂಪ್ಯೂಟರ್ ತಂದಾಗ ಹಳೆಯದನ್ನು ನನಗೆ ಕೊಟ್ಟಿದ್ದರು. ಅದರಲ್ಲಿ ವಿಮಲಾಳ ಮಾತುಗಳನ್ನು ರೆಕಾರ್ಡ್ ಮಾಡಿ ತುಂಬಿಸುವುದು, ಅದನ್ನು ಹಗಲಿರುಳು ಚಾಲೂ ಇಟ್ಟು ಮನೆಗೊಂದು ಸರ್ವರ್ ಮಾಡುವುದು, ಅಡುಗೆಮನೆಗೆ, ಜಗುಲಿಗೆ, ಹಿತ್ತಲಿಗೆ ತಂತಿ ಎಳೆದು ಒಂದೊಂದು ಸ್ಪೀಕರ್ ಇಡುವುದು. ಅಡುಗೆಮನೆಯಲ್ಲಿ ಒಂದು ಕೀಬೋರ್ಡ್. ಅವಳು ಗುಂಡಿ ಒತ್ತಿದರೆ ಸರ್ವರಿನಿಂದ ಅವಳದೇ ಸ್ವರ ಹೊರಡಬೇಕು. ನಾನು ಉಪಯುಕ್ತ ವಾಕ್ಯಗಳ ಪಟ್ಟಿ ಮಾಡಿದೆ: ಊಟಕ್ಕೆ ಬನ್ನಿ, ಕರೆಂಟು ಹೋಯ್ತು, ಯಾರು ಅದು. ಪಟ್ಟಿ ನೋಡಿ ಅವಳು ನಕ್ಕಳು.

"ಬೈಗುಳ ಎಲ್ಲಿ? ನಾನು ಬೈಯದೆ ಈ ಮನೇಲಿ ಒಂದಾದ್ರೂ ಕೆಲಸ ಆಗಿದ್ದುಂಟಾ?"

ಬೈಗುಳಗಳೂ ಸೇರಿದವು. ಒಟ್ಟು ನಾನೂರು ವಾಕ್ಯವಾಯಿತು. ಮೊದಲ ಸಂಜೆ ಮೈಕಿನ ಮುಂದೆ ಕೂತು ಅವಳು ಐದು ಹೇಳಿದಳು. ಆರನೆಯದರ ನಡುವೆ ಯಂತ್ರ ಟಪ್ಪೆಂದು ನಿಂತಿತು. ಮುಟ್ಟಿದರೆ ಸುಡುತ್ತಿತ್ತು. ಚಿಕ್ಕಮಗಳೂರಿನ ರಿಪೇರಿಯವನಿಗೆ ಫೋನು ಮಾಡಿದೆ. "ಹೀಟ್ ಆಗಿ ಆಫ್ ಆಗ್ತಿದೆ ಸಾರ್. ಒಳಗಿರೋ ಹಳೇ ಫ್ಯಾನು ಸೋತಿದೆ. ಹೀಗೇ ಬಿಟ್ರೆ ಒಂದಿನ ಎಲ್ಲಾ ಸುಟ್ಟುಹೋಗುತ್ತೆ" ಎಂದ. ಎಲ್ಲಾ ಎಂದರೆ ವಿಮಲಾಳ ಸ್ವರ.

ಅಲ್ಲಿಂದ ಶುರುವಾಯಿತು ನೋಡಿ, ಫ್ಯಾನಿನ ಆಯ್ಕೆ. ಗಾಳಿ ಜೋರಾಗಿ ಬೀಸಬೇಕು, ಆದರೆ ಶಬ್ದ ಮಾಡಬಾರದು. ಮೈಕು ಅದೇ ಕೋಣೆಯಲ್ಲಿರುವುದರಿಂದ ಫ್ಯಾನಿನ ಸದ್ದೂ ರೆಕಾರ್ಡ್ ಆಗುತ್ತಿತ್ತು. ವಿಮಲಾಳ ಮಾತಿನ ಹಿಂದೆ ಸದಾ ಒಂದು ಗುಂಯ್ ಎಂಬ ಸ್ವರ ಕೇಳಿದರೆ ಹೇಗೆ? ದಿನಾ ಶಾಲೆ ಬಿಟ್ಟ ಮೇಲೆ ಮೂಡಿಗೆರೆಯ ಸೈಬರ್ ಸೆಂಟರಿಗೆ ಹೋದೆ. ಒಂದು ಪುಟ ತೆರೆಯುವಷ್ಟರಲ್ಲಿ ಒಂದು ಕಾಫಿ ಕುಡಿದು ಬರಬಹುದಾಗಿತ್ತು. ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ, ಎಷ್ಟು ಡೆಸಿಬಲ್ ಸದ್ದು, ಎಂಥ ಬೇರಿಂಗ್, ರೆಕ್ಕೆ ಏಳಿರಬೇಕೋ ಒಂಬತ್ತೋ, ಎಲ್ಲ ಪ್ರಿಂಟ್ ತೆಗೆದು ಫೈಲು ಮಾಡಿದೆ. ಮನೆಗೆ ಬರುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ವಿಮಲಾ ಬಾಗಿಲು ತೆರೆದು, "ನನ್ನ ನೋಡೋಕೆ ಬಂದಾಗ ಅರ್ಧ ಗಂಟೇಲಿ ಒಪ್ಪಿದ್ರಲ್ಲ ನೀವು. ಫ್ಯಾನಿಗೆ ಇಷ್ಟು ದಿನವಾ?" ಎಂದಳು. ಆಗಲೇ ಅವಳ ಸ್ವರ ಒಡೆಯತೊಡಗಿತ್ತು. "ಮಾತಾಡ್ಬೇಡ, ಗಂಟಲು ಉಳಿಸ್ಕೋ. ಫ್ಯಾನು ಬರ್ಲಿ" ಎಂದೆ. ಆ ಆರು ವಾರದಲ್ಲಿ ನಾನು ಅವಳಿಗೆ ಅತಿ ಹೆಚ್ಚು ಸಲ ಹೇಳಿದ ಮಾತು ಇದೇ ಇರಬೇಕು.

ಮೊದಲ ಫ್ಯಾನು ಚಿಕ್ಕಮಗಳೂರಿನ ಅಂಗಡಿಯಿಂದ ಬಂತು. ಗಾಳಿ ಪರವಾಗಿಲ್ಲ, ಸದ್ದು ಅಕ್ಕಿ ಗಿರಣಿಯದು. ಎರಡನೆಯದು ಮಂಗಳೂರಿನದು. ಸದ್ದಿಲ್ಲ, ಗಾಳಿಯೂ ಇಲ್ಲ. ಬೇರಿಂಗ್ ವಿಷಯ ಕೇಳಲು ಹಮೀದನ ಗ್ಯಾರೇಜಿಗೆ ಹೋದೆ. ಹಮೀದ್ ಜೀಪು ಮೆಕ್ಯಾನಿಕ್, ನನ್ನ ಹಳೆಯ ಗೆಳೆಯ. ಘಾಟಿಯಲ್ಲಿ ಬಿಸಿಯಾಗಿ ನಿಂತ ಇಂಜಿನ್ನುಗಳನ್ನು ತಣಿಸುವುದರಲ್ಲಿ ಎತ್ತಿದ ಕೈ. ನನ್ನ ಫೈಲಿನ ಒಂದೊಂದೇ ಹಾಳೆಯನ್ನು ಗ್ರೀಸು ಬೆರಳಲ್ಲಿ ತಿರುವಿ ನೋಡಿದ.

"ಮೇಷ್ಟ್ರೇ, ಬಾಲ್ ಬೇರಿಂಗ್ ಇರೋದೇ ತಗೊಳ್ಳಿ. ಇನ್ನೊಂದು ಕೇಳ್ಲಾ? ಟೀಚರಮ್ಮ ಹೇಗಿದಾರೆ?"

"ಹಾಂ, ಇದಾಳೆ. ಈ ಒಂಬತ್ತು ರೆಕ್ಕೆಯದು ಹೇಗೆ?"

ಅವನು ಫೈಲು ಮುಚ್ಚಿ ನನ್ನ ಕೈಗಿಟ್ಟ. "ಇಂಜಿನ್ ತಣ್ಣಗೆ ಮಾಡೋದು ನಂಗೆ ಬಿಡಿ ಮಾರಾಯ್ರೆ, ನೀವು ಮನೆಗೆ ಹೋಗಿ" ಎಂದ. ನಾನು ಅವತ್ತೂ ಸೈಬರ್ ಸೆಂಟರಿಗೇ ಹೋದೆ.

ಮೂರನೆಯದು ಬೆಂಗಳೂರಿನಿಂದ ಬಸ್ಸಿನ ಡ್ರೈವರ್ ಕೈಯಲ್ಲಿ ಬಂತು. ಕಪ್ಪು ಬಣ್ಣ, ಒಂಬತ್ತು ರೆಕ್ಕೆ, ಎರಡು ಬಾಲ್ ಬೇರಿಂಗ್. ನಾನು ವಿಜ್ಞಾನದವನಲ್ಲವೇ, ಬರೀ ಕಿವಿಯನ್ನು ನಂಬುವವನಲ್ಲ. ಶಾಲೆಯಲ್ಲಿ ಮಕ್ಕಳಿಗೆ ಪದ್ಯ ಕೇಳಿಸಲು ವಿಮಲಾ ಇಟ್ಟುಕೊಂಡಿದ್ದ ಕ್ಯಾಸೆಟ್ಟಿನ ಟೇಪ್ ರೆಕಾರ್ಡರ್ ತೆಗೆದುಕೊಂಡು ಮೂರೂ ಫ್ಯಾನುಗಳ ಸದ್ದನ್ನು ಒಂದೇ ದೂರದಿಂದ ರೆಕಾರ್ಡ್ ಮಾಡಿ ಹೋಲಿಸಿದೆ. ಮೂರನೆಯದು ಗೆದ್ದಿತು. ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂದವನಂತೆ ಬೀಗಿದೆ. ಕ್ಯಾಲೆಂಡರು ನೋಡಿದರೆ ಆಪರೇಷನ್ನಿಗೆ ಒಂಬತ್ತು ದಿನ ಉಳಿದಿತ್ತು.

ಆ ಒಂಬತ್ತು ದಿನದಲ್ಲಿ ಅವಳು ಹೇಳಲು ಸಾಧ್ಯವಾದದ್ದು ಎಪ್ಪತ್ತರಷ್ಟು ವಾಕ್ಯ. ಸ್ವರ ದಿನಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. ಫ್ಯಾನು ಮಾತ್ರ ಉಸಿರೆತ್ತಲಿಲ್ಲ. ಯಂತ್ರದ ಮೈ ತಣ್ಣಗಿತ್ತು. ಕೊನೆಯ ದಿನ ಅವಳು ಮೈಕಿನ ಮುಂದೆ ಕೂತು, "ಇನ್ನೇನು ಹೇಳ್ಲಿ?" ಎಂದು ಕೇಳಿದಳು. ಅದೂ ರೆಕಾರ್ಡ್ ಆಯಿತು.

ಆಪರೇಷನ್ ಚೆನ್ನಾಗಿಯೇ ಆಯಿತು. ಜೀವ ಉಳಿಯಿತು. ಗಂಟಲಿಗೆ ಒತ್ತಿ ಹಿಡಿದು ಮಾತಾಡುವ ಒಂದು ಸಣ್ಣ ಯಂತ್ರ ಆಸ್ಪತ್ರೆಯಲ್ಲಿ ಕೊಟ್ಟಿದ್ದರು. ಅವಳು ಒಮ್ಮೆ ಒತ್ತಿ ನೋಡಿದಳು. ಜೀರುಂಡೆಯಂಥ ದನಿ ಬಂತು. ಸ್ಲೇಟಿನಲ್ಲಿ "ಇದು ನಾನಲ್ಲ" ಎಂದು ಬರೆದು ಅದನ್ನು ಡಬ್ಬಿಗೆ ಹಾಕಿಟ್ಟಳು. ಆದರೆ ಸರ್ವರಿನ ಗುಂಡಿಗಳು ಅವಳಿಗೆ ಒಗ್ಗಿದವು. "ಎಷ್ಟು ಸಲ ಹೇಳೋದು, ಒದ್ದೆ ಕಾಲಲ್ಲಿ ಒಳಗೆ ಬರ್ಬೇಡಿ" ಎಂದು ಜಗುಲಿಯ ಸ್ಪೀಕರ್ ಬೈದರೆ ನಾನು ಕಾಲೊರೆಸಿಕೊಂಡು ಬರುತ್ತಿದ್ದೆ. ಹಿತ್ತಲಿನ ಸ್ಪೀಕರ್ "ಬಾ ಬಾ ಬಾ" ಎಂದಾಗ ಕೋಳಿಗಳು ಮೊದಲ ದಿನ ದಿಕ್ಕು ತಪ್ಪಿ, ಎರಡನೆಯ ದಿನದಿಂದ ನೇರ ಸ್ಪೀಕರಿನ ಬುಡಕ್ಕೇ ಬಂದು ಕುತ್ತಿಗೆ ಎತ್ತಿ ನಿಲ್ಲತೊಡಗಿದವು. ವಿಮಲಾ ಅದನ್ನು ನೋಡಿ ಹೊಟ್ಟೆ ಹಿಡಿದು ನಕ್ಕಳು, ಸದ್ದಿಲ್ಲದೆ. ಐದು ವಾರ ಹೀಗಿದ್ದೆವು. ನಾನು ಸುಖವಾಗಿದ್ದೆ ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೆ ಇದ್ದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಮೊದಲು ಸರ್ವರ್ ಇದ್ದದ್ದು ಅಡುಗೆಮನೆಯ ಗೋಡೆಗೆ ತಾಗಿದ ಕೋಣೆಯಲ್ಲಿ. ಗೋಡೆಯ ಆಚೆ ಒಲೆ. ಮಳೆಗಾಲದಲ್ಲೂ ಬೆಚ್ಚಗಿರುವ ಜಾಗ. ಫ್ಯಾನಿನ ಜೊತೆ ಬಂದ ಕಾಗದದಲ್ಲಿ, ಯಂತ್ರವನ್ನು ತಂಪಾದ ಹೊಸ ಗಾಳಿ ಆಡುವ ಕಡೆ ಇಡಬೇಕೆಂದು ಬರೆದಿತ್ತು. ನಾನು ಅದನ್ನು ಮಲಗುವ ಕೋಣೆಗೆ, ಕಿಟಕಿಯ ಪಕ್ಕಕ್ಕೆ ಸಾಗಿಸಿದೆ. ಆ ಕೋಣೆಯಲ್ಲಿ ಇದ್ದದ್ದು ಒಂದೇ ಪ್ಲಗ್ಗು, ಕಪಾಟಿನ ಬಲ್ಬಿನದು. ಬಲ್ಬು ಕಿತ್ತು ಸರ್ವರ್ ಹಾಕಿದೆ. ವಿಮಲಾ ಸ್ಲೇಟು ತಂದು ತೋರಿಸಿದಳು: "ಮಳೆಗಾಲದಲ್ಲಿ ಕಿಟಕಿ ಹತ್ರ ಯಾರಾದ್ರೂ ಏನಾದ್ರೂ ಇಡ್ತಾರಾ?" ನಾನು ಅವಳಿಗೆ ಆ ಕಾಗದ ತೋರಿಸಿದೆ. ಅವಳು ಸ್ಲೇಟು ಒರೆಸಿಕೊಂಡು ಹೋದಳು. ಸ್ವರವಿದ್ದಿದ್ದರೆ ಅಷ್ಟಕ್ಕೆ ಬಿಡುತ್ತಿರಲಿಲ್ಲ, ನಾನೂ ಬಗ್ಗುತ್ತಿದ್ದೆ. ಸ್ಲೇಟಿನಲ್ಲಿ ಜಗಳ ಗೆಲ್ಲುವುದು ಕಷ್ಟ.

ಜುಲೈಯಲ್ಲಿ ಮಂಜು ಒಳಗೆ ಬಂತು. ನಮ್ಮಲ್ಲಿ ಅದು ಕಿಟಕಿಯ ಸಂದಿಯಲ್ಲೇ ಬರುತ್ತದೆ, ದೀಪದ ಸುತ್ತ ನಿಲ್ಲುತ್ತದೆ. ಹಳೆಯ ಸೋತ ಫ್ಯಾನಾಗಿದ್ದರೆ ಯಂತ್ರ ತನ್ನ ಬಿಸಿಯಲ್ಲೇ ಒಣಗಿಕೊಂಡು ಇರುತ್ತಿತ್ತು. ನನ್ನ ಒಂಬತ್ತು ರೆಕ್ಕೆಯ ಫ್ಯಾನು ಆ ಮಂಜನ್ನು ಹಗಲಿರುಳು ಎಳೆದೆಳೆದು ಒಳಗೆ ತುಂಬಿತು. ಆಮೇಲೆ ಮರ ಬಿದ್ದು ನಾಲ್ಕು ದಿನ ಕರೆಂಟು ಹೋಯಿತು. ಯಂತ್ರ ಒದ್ದೆಯಾಗಿ, ತಣ್ಣಗೆ ಕೂತಿತ್ತು. ಐದನೆಯ ದಿನ ಬೆಳಗ್ಗೆ ಕರೆಂಟು ಬಂತು. ಚಟ್ಟೆಂದು ಒಂದು ಸದ್ದು, ಸುಟ್ಟ ವಾಸನೆ. ಅಡುಗೆಮನೆಯಲ್ಲಿ ವಿಮಲಾ "ಕಾಫಿ ಆಯ್ತು" ಎಂಬ ಗುಂಡಿ ಒತ್ತುತ್ತಿದ್ದದ್ದು ನನಗೆ ಕಾಣುತ್ತಿತ್ತು. ಒತ್ತಿದಳು, ಮತ್ತೆ ಒತ್ತಿದಳು. ಆಮೇಲೆ ಲೋಟ ಹಿಡಿದುಕೊಂಡು ತಾನೇ ಬಂದಳು.

ನಕಲು ಇಟ್ಟಿರಲಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಇಟ್ಟಿದ್ದೆ, ಎರಡು ಸೀಡಿಯಲ್ಲಿ. ಭದ್ರವಾಗಿ ಕಪಾಟಿನಲ್ಲೇ ಇಟ್ಟಿದ್ದೆ, ಬಲ್ಬು ಕಿತ್ತ ಕಪಾಟಿನಲ್ಲಿ. ತೆಗೆದು ಬೆಳಕಿಗೆ ಹಿಡಿದರೆ ಎರಡರ ಮೇಲೂ ಬೂಷ್ಟು ಜರಿಗಿಡದ ಎಲೆಯ ಹಾಗೆ ಹಬ್ಬಿ, ಒಳಗಿನ ಬೆಳ್ಳಿಯನ್ನೇ ತಿಂದಿತ್ತು. ಸುಟ್ಟ ಡಿಸ್ಕನ್ನು ಬೆಂಗಳೂರಿಗೆ ಕಳಿಸಿದೆ. ಮೂರು ತಿಂಗಳ ಮೇಲೆ, ಏನೂ ಉಳಿದಿಲ್ಲ ಎಂಬ ಚೀಟಿಯ ಜೊತೆ ಅದು ಹಿಂದೆ ಬಂತು. ಮದುವೆಯ ವಿಡಿಯೋ ಹುಡುಕಿದೆ. ಅದರಲ್ಲಿ ವಿಮಲಾಳ ಬಾಯಿ ಅಲ್ಲಾಡುತ್ತದೆ, ಮೇಲೆ ಸಿನಿಮಾ ಹಾಡು ಹಾಕಿದ್ದಾರೆ. ಶಾಲೆಯ ವಾರ್ಷಿಕೋತ್ಸವದ ಕ್ಯಾಸೆಟ್ಟಿನಲ್ಲಿ ಅತಿಥಿಗಳ ಭಾಷಣ ಮಾತ್ರ ಇತ್ತು. ಕೋಳಿಗಳು ಹದಿನೈದು ದಿನ ಆ ಸತ್ತ ಸ್ಪೀಕರಿನ ಬುಡಕ್ಕೆ ಬಂದು ನಿಂತು ಹೋಗುತ್ತಿದ್ದವು. ನನಗೆ ಅದನ್ನು ನೋಡಲಾಗದೆ ಸ್ಪೀಕರ್ ಕಿತ್ತುಹಾಕಿದೆ.

ಯಂತ್ರದೊಳಗೆ ಎಲ್ಲ ಸತ್ತರೂ ಫ್ಯಾನಿಗೆ ಏನೂ ಆಗಿರಲಿಲ್ಲ. ನಾನು ಅದನ್ನು ಚರಂಡಿಗೆ ಎಸೆಯಲು ಹೊರಟಾಗ ಹಮೀದ್ ಕೈಯಿಂದ ಕಿತ್ತುಕೊಂಡ. "ಫ್ಯಾನ್ ಏನ್ ಮಾಡ್ತು ಮೇಷ್ಟ್ರೇ? ಬೀಸು ಅಂದ್ರಿ, ಬೀಸ್ತು. ಟೀಚರಮ್ಮಂಗೆ ಹೊಗೆ ಆಗ್ಬಾರ್ದು ಈಗ" ಎಂದವನು, ತಾನೇ ಗೋಡೆ ಕೊರೆದು ಕೂರಿಸಿ, ಬ್ಯಾಟರಿಯನ್ನೂ ಇಟ್ಟು ಹೋದ. ಅದು ನಿಜವೇ. ಈಗ ಅವಳು ಉಸಿರಾಡುವುದು ಕುತ್ತಿಗೆಯ ತೂತಿನಿಂದ. ಹೊಗೆ ಸೋಕಿದರೆ ಕೆಮ್ಮಿ ಕೆಮ್ಮಿ ಸುಸ್ತಾಗುತ್ತಾಳೆ. ಹೀಗಾಗಿ ನನ್ನ ಕಣ್ಣೆದುರಿಗೇ ಅದು ದಿನಾ ತಿರುಗುತ್ತದೆ. ಅವಳು ಇದುವರೆಗೆ ಸ್ಲೇಟಿನಲ್ಲಿ ಒಂದು ದಿನವೂ ನನ್ನನ್ನು ದೂರಿಲ್ಲ. ದೂರಿದ್ದರೆ ಚೆನ್ನಾಗಿತ್ತು.

ಕಳೆದ ವಾರ ಫ್ಯಾನು ನಿಂತಾಗ ಬಿಚ್ಚಿ ನೋಡಿದೆ. ಜಿಡ್ಡು ಕಟ್ಟಿತ್ತು, ಅಷ್ಟೆ. ಒರೆಸಲು ಹಳೆಯ ಬಟ್ಟೆ ಬೇಕೆಂದು ಒಲೆಯ ಮೇಲಿನ ಅಟ್ಟಕ್ಕೆ ಏಣಿ ಹಾಕಿ ಹತ್ತಿದೆ. ಒಂದು ಚೀಲದೊಳಗೆ ಶಾಲೆಯ ಟೇಪ್ ರೆಕಾರ್ಡರ್ ಸಿಕ್ಕಿತು. ನಾನು ಎಲ್ಲೋ ಬಿಸಾಡಿದ್ದನ್ನು ವಿಮಲಾ ತನ್ನ ಪದ್ಧತಿಯಂತೆ ಅಟ್ಟಕ್ಕೆ ಏರಿಸಿದ್ದಳು. ಒಳಗೆ ಕ್ಯಾಸೆಟ್ಟು ಹಾಗೇ ಇತ್ತು. ಹೊಗೆಯ ಬಣ್ಣ ಬಂದಿತ್ತೇ ಹೊರತು ಒಂದು ಚುಕ್ಕೆ ಬೂಷ್ಟಿರಲಿಲ್ಲ. ಕೆಳಗಿಳಿದು ಸೆಲ್ಲು ಹಾಕಿ ಒತ್ತಿದೆ. ವಿಮಲಾ ಮೆಟ್ಟುಗತ್ತಿಯ ಮುಂದೆ ಕೂತು ಬಾಳೆಕಾಯಿ ಹೆಚ್ಚುತ್ತಿದ್ದಳು.

"ಒಂದನೇ ಫ್ಯಾನು," ಎಂದಿತು ನನ್ನ ಸ್ವರ. ಗಿರಣಿಯ ಸದ್ದು. "ಎರಡನೇ ಫ್ಯಾನು." ಒಂದು ಸಣ್ಣ ಗುಂಯ್. "ಮೂರನೇ ಫ್ಯಾನು. ಒಂಬತ್ತು ರೆಕ್ಕೆ." ಆಮೇಲೆ ಏನೂ ಇಲ್ಲ. ಅಷ್ಟು ಒಳ್ಳೆಯ ಫ್ಯಾನು. ಆ ನಿಶ್ಶಬ್ದದಲ್ಲಿ ದೂರದಿಂದ ಕಾಲುಂಗುರದ ಸದ್ದು ಹತ್ತಿರವಾಯಿತು. ಆಮೇಲೆ ವಿಮಲಾ, ತುಸು ಒಡೆದ, ಆದರೆ ಅವಳದೇ ಸ್ವರದಲ್ಲಿ:

"ರೀ, ನಿಮ್ಮತ್ರ ಒಂದು ಮಾತು ಹೇಳ್ಬೇಕಿತ್ತು..."

"ಶ್! ಒಂದು ನಿಮಿಷ ಸುಮ್ನಿರೇ ಮಾರಾಯ್ತಿ, ರೆಕಾರ್ಡ್ ಆಗ್ತಾ ಇದೆ."

ಕಾಲುಂಗುರದ ಸದ್ದು ಹಿಂದೆ ಹೋಯಿತು. ಟೇಪು ಮುಗಿಯುವವರೆಗೆ ಮತ್ತೇನೂ ಇರಲಿಲ್ಲ.

ನಾನು ತಲೆಯೆತ್ತಿದಾಗ ವಿಮಲಾಳ ಕೈಯಲ್ಲಿ ಬಾಳೆಕಾಯಿ ಅರ್ಧಕ್ಕೆ ನಿಂತಿತ್ತು. ಮತ್ತೆ ಹಾಕು ಎಂದು ಸನ್ನೆ ಮಾಡಿದಳು. ಹಾಕಿದೆ. ಮೂರು ಸಲ ಕೇಳಿದೆವು. ನಾನು ಅತ್ತೆ, ಈ ವಯಸ್ಸಿನಲ್ಲಿ, ಗಟ್ಟಿಯಾಗಿ. "ಏನು ಹೇಳ್ಬೇಕಂತಿದ್ದೆ ವಿಮಲಾ ಅವತ್ತು?" ಎಂದು ಕೇಳಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಸ್ಲೇಟು ತೆಗೆದುಕೊಂಡಳು. ಬಹಳ ಹೊತ್ತು ಬಳಪ ಹಿಡಿದು ಯೋಚಿಸಿದಳು. "ನೆನಪಾಗ್ತಿಲ್ಲ" ಎಂದು ಬರೆದಳು.

ಆಮೇಲೆ ಅದನ್ನು ಒರೆಸಿ ಇನ್ನೊಂದು ಬರೆದು ನನ್ನ ಕಡೆ ತಿರುಗಿಸಿದಳು: "ಹೊಗೆ. ಫ್ಯಾನು ಹಾಕಿ."

ನಾನು ಎದ್ದು ಫ್ಯಾನಿನ ಜಿಡ್ಡು ಒರೆಸಿ, ಗೋಡೆಗೆ ಕೂರಿಸಿ ತಂತಿ ಜೋಡಿಸಿದೆ. ಅದು ತಿರುಗತೊಡಗಿತು, ಸ್ವಲ್ಪವೂ ಶಬ್ದವಿಲ್ಲದೆ.